ಮೀಸಲು ಗದ್ದೆಯ ಕರಿಪೈರು

"ಗುರುಗಳೇ, ನೆಡದೆ ಬಿತ್ತದೆ ಗುರುತಿಲ್ಲದ ಸಸಿಯೊಂದು ಎದ್ದರೆ ಅದನ್ನು ಉಳಿಸಬೇಕೋ, ಕೀಳಬೇಕೋ?"

ಮರುಳಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಹಿತ್ತಲಲ್ಲಿ ಬದನೆ ಗಿಡಗಳಿಗೆ ನೀರು ಹಾಕುತ್ತಿದ್ದರು. ತಲೆ ಎತ್ತದೆ, "ಯಾವ ಸಸಿ? ಹಿತ್ತಲಿನದೋ, ಮಠದ್ದೋ?" ಎಂದರು.

ಮರುಳಯ್ಯ ತುಸು ನಾಚಿದ. ಅವನು ಮಠದ ಹಿರಿಯ ಶಿಷ್ಯ. ಬಂದವರಲ್ಲಿ ಯಾರನ್ನು ಇರಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ನೋಡುವ ಹೊಣೆಯನ್ನು ಗುರುಗಳು ಅವನಿಗೇ ವಹಿಸಿದ್ದರು. ಹೋದ ಹುಣ್ಣಿಮೆಗೆ ಒಬ್ಬ ಹೊಸಬ ಬಂದಿದ್ದ. ಎಲ್ಲಿಂದ ಬಂದೆ ಎಂದರೆ ಹೊಳೆಯ ಕಡೆ ಕೈ ತೋರಿಸಿದ್ದ, ಅಷ್ಟೇ.

"ಮಠದ್ದೇ ಗುರುಗಳೇ. ಅವನ ರೀತಿ ನಮ್ಮದಲ್ಲ. ವಿಭೂತಿ ಇಡುವ ಬಗೆ ಬೇರೆ, ಹಾಡುವ ಧಾಟಿ ಬೇರೆ. ಪಂಕ್ತಿಯಲ್ಲಿ ಎರಡನೆಯ ಸಲ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಕೊಟ್ಟಿಗೆಯನ್ನು ಹೇಳದೆ ಕೇಳದೆ ಗುಡಿಸುತ್ತಾನೆ. ನೀರು ತುಂಬುವ ಪಾಳಿ ನನ್ನದು. ನಾನು ಏಳುವಷ್ಟರಲ್ಲಿ ಕೊಡಗಳೆಲ್ಲ ತುಂಬಿರುತ್ತವೆ. ಅವನು ಬಂದಾಗಿನಿಂದ ಮಠದಲ್ಲಿ ನೆಮ್ಮದಿಯೇ ಇಲ್ಲ. ಕಳಿಸಿಬಿಡು ಎಂದು ಎಲ್ಲರೂ ನನ್ನ ತಲೆ ತಿನ್ನುತ್ತಿದ್ದಾರೆ."

"ನಿನಗೇನು ಅನಿಸುತ್ತದೆ?"

"ಇನ್ನೂ ಸ್ವಲ್ಪ ಕಾಲ ಕಾದು ನೋಡೋಣ ಎಂದುಕೊಂಡೆ. ಕಾಯಿ ಬಿಟ್ಟ ಮೇಲೆ ಗಿಡ ತನ್ನ ಗುಣವನ್ನು ತಾನೇ ಹೇಳುತ್ತದಲ್ಲ."

ಗುರುಗಳು ಕೊಡವನ್ನು ಕೆಳಗಿಟ್ಟರು. "ಹಾಗೆ ಕಾದು ಕೆಟ್ಟವನೊಬ್ಬನಿದ್ದ. ಕೂತುಕೋ" ಎಂದರು.

ಮರುಳಯ್ಯ ಬಾವಿಯ ಕಟ್ಟೆಯ ಮೇಲೆ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಆ ಊರ ದೇವರಿಗೆ ಸುಗ್ಗಿಯ ಹೊಸಕ್ಕಿಯ ಮೊದಲ ನೈವೇದ್ಯ ಅವನ ಮನೆಯಿಂದ ಹೋಗಬೇಕು. ಅದಕ್ಕೆಂದೇ ಕೆರೆಯ ಕೆಳಗೆ ಒಂದು ಗದ್ದೆ ಮೀಸಲು. ಅವನ ಮುತ್ತಜ್ಜನಿಂದ ನಡೆದು ಬಂದ ಸೇವೆ ಅದು. ಆ ಅನ್ನ ದೇವರ ಮುಂದೆ ಇಟ್ಟು, ಗಂಟೆ ಬಾರಿಸಿದ ಮೇಲೆಯೇ ಊರಿನ ಉಳಿದ ಒಲೆಗಳ ಮೇಲೆ ಹೊಸಕ್ಕಿ ಬೇಯುವುದು. ಕಟ್ಟಳೆಯೂ ಕಟುವಾಗಿತ್ತು. ಅಕ್ಕಿ ಬಿಳಿದಾಗಿರಬೇಕು, ಬೆರಕೆ ಇರಕೂಡದು. ಆರಿಸಿ ಕೊಡುವಂತಿಲ್ಲ, ಬೇರೆ ಗದ್ದೆಯದನ್ನು ತಂದು ಕೊಡುವಂತಿಲ್ಲ. ಮೀಸಲು ಗದ್ದೆ ಏನು ಕೊಟ್ಟಿತೋ ಅದನ್ನೇ ಹಾಗೆಯೇ ಕುಟ್ಟಿ ಕೊಡಬೇಕು.

ರೈತ ಕಳೆ ಕೀಳುವುದರಲ್ಲಿ ಹೆಸರಾದವನು. ಭತ್ತದ್ದಲ್ಲದ ಎಲೆ ಕಂಡರೆ ಅವನ ಕೈ ಬಾಯಿಗೆ ಹೋಗುತ್ತಿದ್ದ ತುತ್ತನ್ನೂ ಬಿಟ್ಟು ಅತ್ತ ಚಾಚುತ್ತಿತ್ತು. ದಾರಿಹೋಕರು ಅವನ ಗದ್ದೆಯ ಬದುವಿನಲ್ಲಿ ನಿಂತು, "ಇದೇನಪ್ಪ, ಪೈರೋ, ಬಾಚಿದ ತಲೆಯೋ?" ಎನ್ನುತ್ತಿದ್ದರು. ಅವನ ಹಿತ್ತಲೂ ಹಾಗೆಯೇ. ಗುರುತಿದ್ದರೆ ಗಿಡ, ಗುರುತಿಲ್ಲದಿದ್ದರೆ ಕಳೆ. ಅವನಿಗೆ ಮೂರನೆಯದು ಗೊತ್ತಿರಲಿಲ್ಲ.

ಇಂಥವನ ಗದ್ದೆಗೂ ಒಂದು ಪೀಡೆ ಹೊಕ್ಕಿತು. ಅದರ ಹೆಸರು ಉದುರುಭತ್ತ. ಮೊಳಕೆಯಲ್ಲಿ ಅದು ಭತ್ತದಂತೆಯೇ ಇರುತ್ತದೆ, ಎಲೆಯಲ್ಲೂ ಭತ್ತ, ಬುಡದಲ್ಲೂ ಭತ್ತ. ತೆನೆ ಬಂದಾಗ ಮಾತ್ರ ಬೇರೆ. ಒಳ್ಳೆಯ ಭತ್ತ ಮಾಗುವ ಮೊದಲೇ ತಾನು ಮಾಗಿ, ಸಣ್ಣ ಗಾಳಿಗೂ ಕಾಳನ್ನೆಲ್ಲ ಕೆಸರಿಗೆ ಉದುರಿಸಿ, ಬರಿಯ ಕಡ್ಡಿ ಎತ್ತಿಕೊಂಡು ನಿಲ್ಲುತ್ತದೆ. ಉದುರದೆ ಉಳಿದ ಕಾಳಿನೊಳಗಿನ ಅಕ್ಕಿ ಕೆಂಪು. ಇದು ಕಳೆ ಎಂದು ಗುರುತು ಸಿಗುವ ಹೊತ್ತಿಗೆ ಬರುವ ವರ್ಷಕ್ಕೆ ಬೇಕಾದ ಬಿತ್ತನೆಯನ್ನು ಅದು ತಾನೇ ಮುಗಿಸಿರುತ್ತದೆ.

ರೈತ ಪ್ರತಿ ವರ್ಷವೂ ತೆನೆಗಾಗಿ ಕಾಯುತ್ತಿದ್ದ. ತೆನೆ ಕಂಡೊಡನೆ ಓಡಿ ಹೋಗಿ ಕೀಳುತ್ತಿದ್ದ. ಅಷ್ಟರಲ್ಲಿ ಕಾಳು ಕೆಸರು ಸೇರಿರುತ್ತಿತ್ತು. ಕೋಪ ಬಂದು ಮರುವರ್ಷ ಉಳಿದ ಕಳೆಗಳನ್ನು ಇನ್ನಷ್ಟು ಚೊಕ್ಕವಾಗಿ ಕೀಳುತ್ತಿದ್ದ. ಬೇರೆ ಕಳೆ ಹೋದಷ್ಟೂ ಉದುರುಭತ್ತಕ್ಕೆ ಜಾಗ ಸಿಕ್ಕಿತು, ಗೊಬ್ಬರ ಸಿಕ್ಕಿತು. ತನ್ನ ಕೈಯಾರೆ ತಾನು ಅದಕ್ಕೆ ಹಾಸಿಗೆ ಹಾಸುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಬರಬರುತ್ತಾ ನೈವೇದ್ಯದ ಅನ್ನದಲ್ಲಿ ಕೆಂಪು ಅಗುಳು ಕಾಣಿಸಿಕೊಂಡವು. ಮೊದಲ ವರ್ಷ ಪೂಜಾರಿ ಕಂಡೂ ಕಾಣದವನಂತಿದ್ದ. ಆಮೇಲೆ ಊರವರ ಕಣ್ಣಿಗೂ ಬಿತ್ತು. ಒಂದು ಸುಗ್ಗಿಯಲ್ಲಿ ಊರ ಗೌಡರು ಎಲ್ಲರೆದುರು ಎಡೆಯನ್ನು ಬಗ್ಗಿ ನೋಡಿ, "ಏನಯ್ಯಾ, ಇದು ಅನ್ನವೋ, ಕುಂಕುಮ ಚೆಲ್ಲಿದ ಎಲೆಯೋ?" ಎಂದರು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಗೌಡರು ನಗಲಿಲ್ಲ. "ನಿಮ್ಮ ಹಿರಿಯರ ಮುಖ ನೋಡಿ ಸುಮ್ಮನಿದ್ದೆವು. ಬರುವ ಸುಗ್ಗಿಗೂ ಹೀಗೇ ಆದರೆ ಮೀಸಲು ನಿನ್ನ ಮನೆಯಲ್ಲಿ ಇರುವುದಿಲ್ಲ" ಎಂದರು.

ರೈತ ಮನೆಗೆ ಬಂದು ಜಗಲಿಯ ಮೇಲೆ ಕೂತ. ಹೆಂಡತಿ ತಂದಿಟ್ಟ ನೀರನ್ನೂ ಮುಟ್ಟಲಿಲ್ಲ. ಮುತ್ತಜ್ಜ ಕಟ್ಟಿದ ಸೇವೆ ತನ್ನ ಕೈಯಲ್ಲಿ ಕಡಿದುಹೋಗುತ್ತದಲ್ಲ ಎಂಬುದೊಂದೇ ಚಿಂತೆ ಅವನನ್ನು ಕೊರೆಯತೊಡಗಿತು.

ಅದೇ ವರ್ಷ ಅವನ ಮಗನ ಮದುವೆಯಾಯಿತು. ಹೆಣ್ಣು ಹೊಳೆಯ ಆಚೆಯ ಊರಿನವಳು. ಅವರಲ್ಲಿ ಒಂದು ಪದ್ಧತಿಯಿತ್ತು. ಮಗಳಿಗೆ ಮಡಿಲು ತುಂಬುವಾಗ ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬಿನ ಜೊತೆಗೆ ತೌರಿನ ಗದ್ದೆಯ ಒಂದು ಹಿಡಿ ಭತ್ತವನ್ನೂ ಇಡುತ್ತಾರೆ. ಗಂಡನ ಮನೆಯಲ್ಲಿ ನೀರು ಆರದ ಜಾಗ ನೋಡಿ ಹುಡುಗಿ ಅದನ್ನು ಚೆಲ್ಲಬೇಕು. ಅದು ಚಿಗುರಿದರೆ ತೌರು ತಣ್ಣಗಿದೆ ಎಂದು ನಂಬಿಕೆ. ಮಡಿಲಲ್ಲಿ ಭತ್ತ ಕಂಡು ರೈತ, "ನಮ್ಮ ಮನೆಯಲ್ಲಿ ಭತ್ತಕ್ಕೆ ಬರವೇ ಬೀಗರೇ? ಬೆಲ್ಲವನ್ನೇ ಇನ್ನೊಂದಚ್ಚು ಇಡಬಹುದಿತ್ತು" ಎಂದು ನಗೆಯಾಡಿದ್ದ. ಬೀಗರೂ ನಕ್ಕಿದ್ದರು, ಆದರೆ ತುಟಿಯಲ್ಲಿ ಮಾತ್ರ.

ಸೊಸೆ ಬಂದವಳೇ ಹಿತ್ತಲಿಗೆ ಹೋಗಿ, ಬಚ್ಚಲ ನೀರು ಹರಿಯುವ ಕಡೆ ಭತ್ತ ಚೆಲ್ಲಿದಳು. ಕಣದಿಂದ ತಂದ ಹೊಟ್ಟು ಜೊಳ್ಳು ಸುರಿಯುವ ಜಾಗವೂ ಅದೇ ಆಗಿತ್ತು.

ಬೇಸಿಗೆ ಕಳೆಯುವ ಮೊದಲೇ ಅಲ್ಲಿ ಸಸಿಗಳು ಎದ್ದವು. ಹಸಿರಲ್ಲ. ಮಾಗಿದ ನೇರಳೆಹಣ್ಣಿನ ಕಪ್ಪು. ರೈತ ಕಂಡವನೇ ಬಗ್ಗಿ ಒಂದು ಹಿಡಿ ಕಿತ್ತ. ಇನ್ನೊಂದು ಹಿಡಿಗೆ ಕೈ ಹಾಕುವಾಗ ಸೊಸೆ ಪಾತ್ರೆ ಕೆಳಗಿಟ್ಟು ಓಡಿ ಬಂದಳು.

"ಮಾವ, ಅದು ಭತ್ತ."

"ಯಾವ ಭತ್ತವಮ್ಮ? ಕೈ ಹಿಡಿದರೆ ಬಾಣಲೆ ಮಸಿ ಹತ್ತಿದ ಹಾಗಿದೆ."

"ನಮ್ಮೂರಿನದು ಮಾವ."

"ಕಾಗೆಮರಿಯನ್ನು ತಂದು ಗಿಣಿ ಎಂದರೆ ನಂಬಬೇಕೇ ನಾನು? ಭತ್ತ ಎಂದರೆ ಹಸಿರಿರುತ್ತದೆ."

"ಗಿಣಿ ಅನ್ನಲಿಲ್ಲ ಮಾವ. ತೌರಿನದು ಅಂದೆ, ಅಷ್ಟೇ."

"ಇದರಿಂದ ಏನು ಉಪಯೋಗ?"

ಹುಡುಗಿಗೆ ಅದು ಗೊತ್ತಿರಲಿಲ್ಲ. ಅವರೂರಲ್ಲಿ ಎಲ್ಲರೂ ಅದನ್ನೇ ಬಿತ್ತುತ್ತಿದ್ದರು. ಏಕೆಂದು ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಅಡಿಗೆಮನೆಯ ಕಿಟಕಿಯಿಂದ ರೈತನ ಹೆಂಡತಿ, "ಏನೂಂದ್ರೆ, ಮದುವೆಯ ಬಳೆ ಇನ್ನೂ ಸದ್ದು ಮಾಡುತ್ತಿವೆ. ಹುಡುಗಿಯ ತೌರನ್ನು ಬೇರುಸಹಿತ ಕಿತ್ತು ಹಾಕಬೇಡಿ" ಎಂದಳು.

ರೈತ ಕೈ ಒದರಿಕೊಂಡು ಎದ್ದ. "ಸಸಿಮಡಿ ಮಾಡುವ ತನಕ ಇರಲಿ. ಆಮೇಲೆ ಎಮ್ಮೆಗೆ" ಎಂದು ಒಳಗೆ ಹೋದ. ಉಳಿಸಿದ್ದು ಗಿಡ ಎಂದಲ್ಲ, ಮನೆಯಲ್ಲಿ ಮಾತು ಬೆಳೆಯಬಾರದೆಂದು.

ಮಳೆ ಹತ್ತಿರವಾಯಿತು. ಬಿತ್ತನೆಯ ಬೀಜ ನೆನೆಹಾಕಬೇಕಾದ ದಿನ ಬೆಳಗ್ಗೆ ರೈತ ಬಚ್ಚಲ ಕಲ್ಲಿನ ಮೇಲೆ ಕೂತು ಮುಖ ತೊಳೆಯುತ್ತಿದ್ದ. ಮನಸ್ಸು ಮೀಸಲು ಗದ್ದೆಯಲ್ಲಿತ್ತು. ಎದುರಿಗೆ ಆ ಕರಿಪೈರು. ಅದರ ನಡುವೆ ಒಂದು ಹಸಿರು ಸಸಿ. ಅವನ ಕೈ ಅಭ್ಯಾಸದಂತೆ ತಾನಾಗಿ ಹೋಗಿ ಅದನ್ನು ಕಿತ್ತಿತು.

ಕಿತ್ತ ಮೇಲೆ ಕೈಯಲ್ಲಿದ್ದುದನ್ನು ನೋಡಿದ. ಭತ್ತದ ಎಲೆ. ಭತ್ತದ ಬುಡ. ತನ್ನ ಗದ್ದೆಯಲ್ಲಿ ವರ್ಷ ವರ್ಷವೂ ನೀರು ಕುಡಿಸಿ ಸಾಕಿದ ಅದೇ ರೂಪ. ಬೇರಿನಲ್ಲಿ ಮೊಳೆತ ಕಾಳಿನ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಸಿಪ್ಪೆಯ ತುದಿಗೆ ಒಳ್ಳೆಯ ಭತ್ತಕ್ಕಿಲ್ಲದ ಉದ್ದನೆಯ ಮುಳ್ಳುಕೂದಲು. ಕಣದ ಹೊಟ್ಟಿನೊಡನೆ ಬಂದು ಬಿದ್ದ ಉದುರುಭತ್ತ.

ರೈತ ಅಲ್ಲಿಯೇ ಕೂತ. ಇದೇ ಸಸಿ ತನ್ನ ಗದ್ದೆಯಲ್ಲಿ ನಿಂತಿದ್ದರೆ ಅವನ ಅಪ್ಪ ಬಂದರೂ, ಅಜ್ಜ ಬಂದರೂ ಗುರುತು ಹಿಡಿಯುತ್ತಿರಲಿಲ್ಲ. ಇಲ್ಲಿ, ಮುಖದ ಮೇಲಿನ ನೀರು ಒರೆಸುವ ಮೊದಲೇ, ಮನಸ್ಸು ಎಲ್ಲೋ ಇರುವಾಗಲೇ, ಕೈಗೆ ಸಿಕ್ಕಿತು. ಇಷ್ಟು ಕಾಲ ತಾನು ಹಸಿರಿನ ನಡುವೆ ಹಸಿರನ್ನು ಹುಡುಕುತ್ತ ಕೂತಿದ್ದ. ಕಳ್ಳ ವೇಷ ಬದಲಿಸುವುದಿಲ್ಲ ಎಂದ ಮೇಲೆ ಮನೆಯವರು ಬದಲಿಸಬೇಕಾಗಿತ್ತು!

ಅವನು ಎದ್ದು, ಒದ್ದೆ ಮುಖದಲ್ಲೇ ಅಂಗಳಕ್ಕೆ ಬಂದು ಕೂಗಿದ. "ಅಮ್ಮಾ, ಸೊಸೆಮ್ಮಾ! ನಿಮ್ಮಪ್ಪನ ಮನೆಯಲ್ಲಿ ಬೀಜದ ಭತ್ತ ಉಳಿದಿದೆಯೇ?"

ಸೊಸೆ ಹೆದರಿದಳು. "ಯಾಕೆ ಮಾವ, ಏನಾಯಿತು?"

"ಏನೂ ಆಗಿಲ್ಲ. ನಿನ್ನ ಕಾಗೆಮರಿ ಕೂಗಿತು, ನನಗೆ ಬೆಳಗಾಯಿತು" ಎಂದು ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಟೇಬಿಟ್ಟ.

ಬೀಗರು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಬೀಗನನ್ನು ಕಂಡು ಎದ್ದು ನಿಂತರು. ಮಗಳು ಸುಖವೇ ಎಂದು ಕೇಳಿದರು. ಸುಖ ಎಂದು ಕೇಳಿ ಕಾಲಿಗೆ ನೀರು ಕೊಟ್ಟರು, ಎಲೆ ಹಾಕಿಸಿದರು. ರೈತ ಎಲೆಯ ಮೇಲಿನ ಅನ್ನವನ್ನು ಬೆರಳಿನಿಂದ ಬಿಡಿಸಿ ನೋಡಿದ. ಮಲ್ಲಿಗೆಯ ಮೊಗ್ಗಿನಂತೆ ಬೆಳ್ಳಗಿತ್ತು.

"ಇದು ಆ ಕರಿಪೈರಿನ ಅಕ್ಕಿಯೇ ಬೀಗರೇ?"

"ನಮ್ಮಲ್ಲಿ ಇನ್ನು ಯಾವುದಿದೆ?"

"ಹಾಗಾದರೆ ಒಂದು ಗದ್ದೆಗಾಗುವಷ್ಟು ಬೀಜ ಬೇಕು ನನಗೆ."

ಬೀಗರು ಅಡಕತ್ತರಿಯನ್ನು ಮಡಿಚಿಟ್ಟರು. "ಮದುವೆಯ ದಿನ ನಿಮ್ಮಲ್ಲಿ ಭತ್ತಕ್ಕೆ ಬರ ಇರಲಿಲ್ಲ."

"ಇರಲಿಲ್ಲ. ಬುದ್ಧಿಗೆ ಇತ್ತು. ಅದು ಆಗ ಗೊತ್ತಾಗಲಿಲ್ಲ."

ಈ ಸಲ ಬೀಗರು ಬಾಯ್ತುಂಬ ನಕ್ಕರು. ನಕ್ಕು ಒಳಗಿನಿಂದ ಚೀಲ ತರಿಸಿದರು. ರೈತ ಕೊನೆಯದಾಗಿ ಕೇಳಿದ. "ನಿಮ್ಮ ಗದ್ದೆಗಳಲ್ಲಿ ಉದುರುಭತ್ತದ ಕಾಟ ಎಷ್ಟಿದೆ?"

"ಉದುರುಭತ್ತ? ಹಾಗೆಂದರೇನು?" ಎಂದರು ಬೀಗರು.

ರೈತ ಚೀಲ ಹೊತ್ತುಕೊಂಡು ಹೊಳೆ ದಾಟುವವರೆಗೂ ಆ ಮಾತನ್ನು ನೆನೆದು ನೆನೆದು ನಗುತ್ತಲೇ ಬಂದ.

ಮೀಸಲು ಗದ್ದೆಯಲ್ಲಿ ಕರಿಪೈರು ನಾಟಿಯಾಯಿತು. ಊರಿಗೆ ಮಾತಾಡಲು ವಿಷಯ ಸಿಕ್ಕಿತು. "ದೇವರ ಗದ್ದೆಗೆ ಕಾಡಿಗೆ ತೀಡಿದ್ದಾನೆ" ಎಂದನೊಬ್ಬ. "ಅಲ್ಲ, ಮೀಸಲು ಹೋಗುವ ದುಃಖಕ್ಕೆ ಗದ್ದೆ ಕಂಬಳಿ ಹೊದ್ದು ಮಲಗಿದೆ" ಎಂದನಿನ್ನೊಬ್ಬ. ಗೌಡರೇ ಬದುವಿನ ಮೇಲೆ ಬಂದು ನಿಂತರು.

"ದೇವರಿಗೆ ಕರಿಯನ್ನ ಬಡಿಸುತ್ತೀಯೇನಯ್ಯಾ?"

"ಎಲೆ ಎಮ್ಮೆಗೆ ಗೌಡರೇ, ಅಕ್ಕಿ ದೇವರಿಗೆ. ಸುಗ್ಗಿಯವರೆಗೆ ತಾಳಿ."

"ತಾಳುತ್ತೇನೆ. ಅದರಾಚೆಗೆ ತಾಳುವುದಿಲ್ಲ."

ಕಳೆ ತೆಗೆಯುವ ಕಾಲ ಬಂತು. ರೈತ ಗದ್ದೆಯ ಅಂಚಿನಲ್ಲಿ ನಿಂತು ನೋಡಿದ. ಕರಿಪೈರಿನ ನಡುವೆ ಎಲ್ಲಿ ನೋಡಿದರಲ್ಲಿ ಹಸಿರು. ಹಳೆಯ ವರ್ಷಗಳಲ್ಲಿ ಕೆಸರಿಗೆ ಬಿದ್ದು ಕಾದಿದ್ದ ಕಾಳುಗಳೆಲ್ಲ ಎದ್ದು ನಿಂತಿದ್ದವು. ಇಷ್ಟನ್ನೂ ತನ್ನದೇ ಎಂದು ಸಾಕಿದ್ದೆನಲ್ಲ ಎಂದುಕೊಂಡ.

ಮನೆಮಂದಿಯೆಲ್ಲ ಗದ್ದೆಗೆ ಇಳಿದರು. ಅವನು ಹೇಳಿದ್ದು ಒಂದೇ ಮಾತು. "ಹಸಿರು ಕಂಡಲ್ಲಿ ಕೀಳಿ."

ಮೊದಲ ಸಸಿಗೆ ಕೈ ಹಾಕಿದಾಗ ಅವನ ಬೆರಳು ತಡೆಯಿತು. ಹಸಿರನ್ನು ಉಳಿಸಿ ಉಳಿದುದನ್ನು ಕಿತ್ತೇ ಬೆಳೆದ ಕೈ ಅದು. ಇದರಲ್ಲಿ ಒಂದೆರಡು ನಮ್ಮ ಹಳೆಯ ಒಳ್ಳೆಯ ಭತ್ತವೂ ಇರಬಹುದಲ್ಲ ಎನಿಸಿತು. ಪಕ್ಕದ ಸಾಲಿನಲ್ಲಿದ್ದ ಸೊಸೆ ನೋಡಿದಳು. "ಮಾವ, ಗಿಣಿ ಎಂದು ಬಿಟ್ಟಿರೇನು?" ಎಂದಳು. ಎಲ್ಲರೂ ನಕ್ಕರು. ರೈತನೂ ನಕ್ಕ. ನಗುತ್ತಲೇ ಕಿತ್ತ. ಆಮೇಲೆ ಅವನ ಕೈ ನಿಲ್ಲಲಿಲ್ಲ. ಹುಡುಕುವುದಿಲ್ಲ, ತಡವುವುದಿಲ್ಲ, ಎಲೆ ತಿರುವಿ ನೋಡುವುದಿಲ್ಲ. ಕಂಡಿತು, ಕಿತ್ತ. ಸಂಜೆಗೆ ಬದುವಿನ ಮೇಲೆ ಹಸಿರು ಹೊರೆಗಳು ಗೋಡೆಯಂತೆ ಬಿದ್ದಿದ್ದವು. ಮತ್ತೆ ಚಿಗುರಿದ್ದನ್ನು ಮತ್ತೊಮ್ಮೆ ಇಳಿದು ಕಿತ್ತರು. ಅಷ್ಟಾದ ಮೇಲೆ ಗದ್ದೆಯಲ್ಲಿ ಒಂದು ಹಸಿರು ಎಲೆಯೂ ಉಳಿಯಲಿಲ್ಲ.

ಸುಗ್ಗಿ ಬಂತು. ಆ ವರ್ಷ ಮೀಸಲು ಗದ್ದೆಯಲ್ಲಿ ಗಾಳಿ ಬೀಸಿತು, ಕಾಳು ಉದುರಲಿಲ್ಲ. ತೆನೆ ತಲೆ ಬಾಗಿಸಿ ಹಾಗೆಯೇ ನಿಂತಿತು. ಕೊಯ್ದರು, ಬಡಿದರು, ತೂರಿದರು. ಎಲ್ಲರ ಎದುರಿಗೇ ಗುಡಿಯ ಅಂಗಳದಲ್ಲಿ ಕುಟ್ಟಿದರು. ಒನಕೆ ಏಳುತ್ತ ಬೀಳುತ್ತ ಇದ್ದಂತೆ ಜನ ಹತ್ತಿರ ಹತ್ತಿರ ಬಂದರು. ಸೊಸೆ ಮೊರದಲ್ಲಿ ಕೇರಿ ತೌಡು ಹಾರಿಸಿ, ಮೊರವನ್ನು ಗೌಡರ ಮುಂದೆ ಇಟ್ಟಳು.

ಗೌಡರು ಅಕ್ಕಿಯನ್ನು ಬೆರಳಿನಿಂದ ಹರಡಿದರು. ಒಟ್ಟು ಮಾಡಿ ಮತ್ತೆ ಹರಡಿದರು. ಮೊರವನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದರು. ಕೊನೆಗೆ ಪೂಜಾರಿಯ ಕೈಗೆ ಕೊಟ್ಟರು. ಪೂಜಾರಿ ನೋಡಿದ. ಒಂದು ಕೆಂಪು ಕಾಳಿಲ್ಲ. ಅವನ ಅಜ್ಜ ಹೇಳುತ್ತಿದ್ದ ಮೀಸಲಕ್ಕಿ ಇದೇ ಇರಬೇಕು ಎಂದು ಪೂಜಾರಿಯ ಕಣ್ಣು ತುಂಬಿ ಬಂತು.

"ಬಾರಿಸಿರಪ್ಪ!" ಎಂದರು ಗೌಡರು.

ಡೊಳ್ಳು ಎದ್ದಿತು. ಅಕ್ಕಿ ಅಲ್ಲೇ ಬೆಂದು ಅನ್ನವಾಯಿತು. ನೈವೇದ್ಯದ ಗಡಿಗೆಯನ್ನು ಮನೆಯ ಯಜಮಾನನೇ ಹೊತ್ತು ಗರ್ಭಗುಡಿಯ ಹೊಸ್ತಿಲಿಗೆ ನಡೆಯುವುದು ರೂಢಿ. ರೈತ ಗಡಿಗೆಯನ್ನು ಎತ್ತಿ ಸೊಸೆಯ ತಲೆಯ ಮೇಲೆ ಇಟ್ಟ. "ಮೀಸಲು ಉಳಿಸಿದ್ದು ನಿನ್ನ ಮಡಿಲು. ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ" ಎಂದ. ಯಾರೂ ತಡೆಯಲಿಲ್ಲ. ಹುಡುಗಿ ನಡೆದಳು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಎಡೆ ಇಟ್ಟೊಡನೆ ಗಂಟೆ ಮೊಳಗಿತು. ಆ ದಿನ ಊರಿನ ಎಲ್ಲ ಒಲೆಗಳ ಮೇಲೆ ಹೊಸಕ್ಕಿ ಬೆಂದಿತು.

ಬರುವ ಬಿತ್ತನೆಗೆ ಮೊದಲು ರೈತನ ಮನೆಯ ಬಾಗಿಲಲ್ಲಿ ಚೀಲ ಹಿಡಿದವರ ಸಾಲು. ಆ ಸಾಲಿನ ಮೊದಲಲ್ಲಿ ಗೌಡರು. "ನನಗೂ ಒಂದಿಷ್ಟು ಕಾಗೆಮರಿ ಕೊಡಯ್ಯಾ" ಎಂದರು. ಅಂದಿನಿಂದ ಆ ಊರಿನ ಹೆಣ್ಣುಮಕ್ಕಳ ಮಡಿಲಿಗೂ ಒಂದು ಹಿಡಿ ಭತ್ತ ಬೀಳತೊಡಗಿತು.

ಗುರುಗಳು ಕತೆ ಮುಗಿಸಿ ಬದನೆ ಗಿಡದ ಕಡೆ ತಿರುಗಿದರು.

ಮರುಳಯ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ಗುರುತಿಲ್ಲದ್ದೆಲ್ಲ ಕಳೆಯಲ್ಲ. ಹೊಸಬನನ್ನು ಕಳಿಸುವುದಿಲ್ಲ. ಇರಲಿ, ಅವನಲ್ಲಿ ಏನು ಒಳ್ಳೆಯದಿದೆ ಎಂದು ನಿಧಾನವಾಗಿ ನೋಡುತ್ತೇನೆ."

ಗುರುಗಳು ಕೊಡವನ್ನು ಎತ್ತಿಕೊಂಡರು. ಅದು ಆ ಬೆಳಗ್ಗೆ ಹೊಸಬ ತುಂಬಿಟ್ಟ ಕೊಡ. ಕೊನೆಯ ಗಿಡದ ಬುಡಕ್ಕೆ ನೀರು ಸುರಿದು, ಖಾಲಿ ಕೊಡವನ್ನು ಮರುಳಯ್ಯನ ಕೈಗೆ ಕೊಟ್ಟು ಹೇಳಿದರು:

"ಅವನನ್ನು ನೋಡುವುದಿರಲಿ ಮರುಳಯ್ಯಾ, ಅವನು ಬಂದ ಮೇಲೆ ನಮ್ಮಲ್ಲಿ ಹಸಿರು ಸಸಿಯಂತೆ ಎದ್ದು ಕಂಡವರು ಯಾರು, ಅದನ್ನು ಹೇಳು."